ಕಲ್ಲು ಹೇಳಿದ್ದು, ಬಾಯಿ ಹೇಳಿದ್ದು

ಖಾನಾಪುರದಿಂದ ಲೋಂಡಾಕ್ಕೆ ಹೋಗುವ ರೈಲುದಾರಿಯ ನಡುವೆ ಒಂದು ಸಣ್ಣ ಸ್ಟೇಶನ್ ಇದೆ. ಅದೇ ಗುಂಜಿ. ಗೋವಾಕ್ಕೆ ಹೊರಟವರಿಗೆ ಕಿಟಕಿಯಲ್ಲಿ ಕಾಣುವುದು ಒಂದು ಹಳದಿ ಹಲಗೆ, ಅದರ ಹಿಂದೆ ಕಾಡು, ಅಷ್ಟೇ. ನಾನು ಆ ಊರಿನವನು. ಖಾನಾಪುರ ತಾಲೂಕಿನ ಶಾಲೆಗಳಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿ ನಿವೃತ್ತನಾಗಿದ್ದೇನೆ. ಆದರೆ ಮಳೆಗಾಲ ಮುಗಿದು ಬಿಸಿಲು ಹಿತವಾಯಿತೆಂದರೆ ತಿಂಗಳಿಗೊಂದು ರವಿವಾರ ಇಪ್ಪತ್ತು ಇಪ್ಪತ್ತೈದು ಹುಡುಗ ಹುಡುಗಿಯರನ್ನೂ ಅವರ ಸಂಗಡ ಬರುವ ದೊಡ್ಡವರನ್ನೂ ಕಟ್ಟಿಕೊಂಡು ಬೆಳಗಾವಿಯ ಕೋಟೆ ಕೆರೆಗೆ ಹೋಗುತ್ತೇನೆ. ಕೆರೆಯ ದಂಡೆಯ ಉದ್ಯಾನದಿಂದ ಹೊರಟು ಕೋಟೆಯೊಳಗೆ ನಡೆಯುತ್ತ, ನಿಲ್ಲುತ್ತ, ಆ ಜಾಗದ ಕತೆ ಹೇಳುವುದು ನಮ್ಮ ಕೆಲಸ. ಬೆಂಗಳೂರಿನವರು ಲಾಲ್‌ಬಾಗಿನಲ್ಲಿ, ಕಬ್ಬನ್ ಪಾರ್ಕಿನಲ್ಲಿ ಇಂಥದನ್ನು ಮಾಡುತ್ತಾರೆ. ಮೈಸೂರಿನಲ್ಲಿ ದಸರೆಯ ಹೊತ್ತಿಗೆ ಪಾರಂಪರಿಕ ನಡಿಗೆ ಎಂದು ನಡೆಸುತ್ತಾರೆ. ನಮ್ಮ ಹುಡುಗರು ಇದಕ್ಕೆ ಇಟ್ಟ ಹೆಸರು ‘ಸರ್ ಕೂಡ ಅಡ್ಡಾಡೂದು’. ನನಗೂ ಅದೇ ಹೆಸರು ಹಿತ.

ಈ ಅಡ್ಡಾಟ ನನಗೆ ಒಂದು ಪಾಠ ಕಲಿಸಿತು. ಮೂವತ್ತು ವರ್ಷ ಹಲಗೆಯ ಮುಂದೆ ನಿಂತಾಗ ಅದು ಗೊತ್ತಾಗಿರಲಿಲ್ಲ. ಇವತ್ತು ಅದರ ಬಗ್ಗೆ ಮಾತಾಡಬೇಕೆಂದು ಬಂದಿದ್ದೇನೆ.

ಮೊದಲ ವರ್ಷದ ಮಾತು. ಕೋಟೆಯ ಬಾಗಿಲ ಹತ್ತಿರ ಹುಡುಗರನ್ನು ನಿಲ್ಲಿಸಿಕೊಂಡು, ಈ ಕೋಟೆಯ ಜಾಗದಲ್ಲಿ ಹಿಂದೆ ನೂರೆಂಟು ಬಸದಿಗಳಿದ್ದವು ಎಂದು ದೊಡ್ಡ ದನಿಯಲ್ಲಿ ಹೇಳಿದೆ. ನಾನೂ ಸಣ್ಣವನಿದ್ದಾಗ ಅದನ್ನು ಕೇಳಿದ್ದೆ. ನನಗೆ ಹೇಳಿದವರು ಇನ್ನಾರಿಂದಲೋ ಕೇಳಿದ್ದರು. ಎಂಟನೆಯ ಇಯತ್ತೆಯ ಒಬ್ಬ ಹುಡುಗಿ ಕೈ ಎತ್ತಿದಳು. ‘ಸರ್, ಅದು ಯಾವ ಕಲ್ಲಿನ ಮ್ಯಾಲೆ ಬರದೈತ್ರಿ?’ ಎಂದಳು. ಅವಳಿಗೆ ಕೊಂಕು ಗೊತ್ತಿರಲಿಲ್ಲ. ಹಿಂದಿನ ವಾರವಷ್ಟೇ ನಾನು ಮಕ್ಕಳಿಗೆ ಶಾಸನ ಅಂದರೆ ಏನು ಎಂದು ಕಲಿಸಿದ್ದೆ. ಆಕೆ ಅದನ್ನು ನಂಬಿಕೊಂಡು ಬಂದಿದ್ದಳು, ಕಲ್ಲನ್ನು ನೋಡಬೇಕೆಂದು ಬಂದಿದ್ದಳು. ತೋರಿಸಲಿಕ್ಕೆ ನನ್ನ ಹತ್ತಿರ ಕಲ್ಲು ಇರಲಿಲ್ಲ.

ಅವತ್ತಿನಿಂದ ನಾನು ಒಂದು ವ್ರತ ಹಿಡಿದೆ. ನಡಿಗೆಯಲ್ಲಿ ಪ್ರತಿಯೊಂದು ಮಾತಿನ ಹಿಂದೆಯೂ ಅದು ಎಲ್ಲಿಂದ ಬಂತು ಎಂದು ಹೇಳುತ್ತೇನೆ. ಇದು ಕಲ್ಲು ಹೇಳಿದ್ದು. ಇದು ಬಾಯಿ ಹೇಳಿದ್ದು. ಬಾಯಿ ಹೇಳಿದ್ದು ಸುಳ್ಳು ಎಂದು ನಾನು ಎಂದೂ ಅನ್ನುವುದಿಲ್ಲ. ಜನ ಒಂದು ಮಾತನ್ನು ತಲೆಮಾರುಗಟ್ಟಲೆ ಜೋಪಾನ ಮಾಡಿದ್ದಾರೆಂದರೆ ಅದರೊಳಗೆ ಏನೋ ಇರುತ್ತದೆ. ಬೇರೇನಿಲ್ಲದಿದ್ದರೆ ಆ ಜನರ ನೆನಪಿನ ಆಸೆಯಾದರೂ ಇರುತ್ತದೆ. ಆದರೆ ಎರಡನ್ನೂ ಒಂದೇ ಬುಟ್ಟಿಯಲ್ಲಿ ಹಾಕಿ ಮಕ್ಕಳ ತಲೆಯ ಮೇಲೆ ಹೊರಿಸಬಾರದು.

ಈಗ ನಿಮ್ಮನ್ನೂ ಸ್ವಲ್ಪ ಕರೆದುಕೊಂಡು ಹೋಗುತ್ತೇನೆ. ಬೆಳಗಿನ ರೈಲಿನಲ್ಲಿ ಗುಂಜಿಯಿಂದ ಹೊರಡೋಣ. ಖಾನಾಪುರದಲ್ಲಿ ಮಲಪ್ರಭೆ, ಆಮೇಲೆ ಇದ್ದಲಹೊಂಡ, ದೇಸೂರು, ನಂತರ ಬೆಳಗಾವಿ. ಸ್ಟೇಶನ್ನಿನಿಂದ ಸಿಟಿ ಬಸ್ಸಿನಲ್ಲಿ ಕೇಂದ್ರ ಬಸ್ ನಿಲ್ದಾಣಕ್ಕೆ ಬಂದರೆ ಕೋಟೆಯೂ ಕೆರೆಯೂ ಅಲ್ಲೇ ಕಾಲ್ನಡಿಗೆಯಲ್ಲಿವೆ. ಕೆರೆಯನ್ನು ಹುಡುಕುವ ಕಷ್ಟವಿಲ್ಲ. 2018ರಲ್ಲಿ ಅಲ್ಲಿ 110 ಮೀಟರ್ ಎತ್ತರದ ಧ್ವಜಸ್ತಂಭ ನಿಲ್ಲಿಸಿದ್ದಾರೆ, ಊರಿನ ಎಷ್ಟೋ ಕಡೆಯಿಂದ ಕಾಣುತ್ತದೆ. ದಂಡೆಯ ಮೇಲೆ ಬೆಳಿಗ್ಗೆ ವಾಕಿಂಗಿನವರು, ಕಟ್ಟೆಯ ಮೇಲೆ ಕೂತ ಹಿರಿಯರು, ಬೆಂಚಿನ ಮೇಲೆ ಪುಸ್ತಕ ಹಿಡಿದ ಕಾಲೇಜು ಹುಡುಗರು. ನಾವು ಅಲ್ಲಿ ಬುತ್ತಿ ಬಿಚ್ಚಿ ತಿಂದು, ನೀರು ಕುಡಿದು, ಕೈ ತೊಳೆದ ಮೇಲೆಯೇ ಮಾತು ಶುರುಮಾಡುತ್ತೇವೆ. ಹಸಿದ ಹೊಟ್ಟೆಗೆ ರಾಜರ ವಂಶಾವಳಿ ಇಳಿಯುವುದಿಲ್ಲ.

ಇಲ್ಲಿ ನಡಿಗೆ ಮಾಡಿಸುವವರಿಗೆ ನಾಲ್ಕು ಮಾತು ಹೇಳಬೇಕು. ಇವನ್ನು ನನಗೆ ಕಲಿಸಿದ್ದು ಕಾಲು. ನಡೆಯುವಾಗ ಮಾತಾಡಬಾರದು, ನಿಂತ ಮೇಲೆ ಮಾತಾಡಬೇಕು. ಕಡೆಯ ಹುಡುಗ ಬಂದು ಸೇರುವ ತನಕ ಬಾಯಿ ಬಿಡಬಾರದು. ಯಾಕೆಂದರೆ ಯಾವಾಗಲೂ ಹಿಂದೆ ಉಳಿಯುವವನು ಒಬ್ಬನೇ ಇರುತ್ತಾನೆ. ಅವನು ಬರುವುದರೊಳಗೆ ಕತೆ ಮುಗಿದಿರುತ್ತದೆ, ಮುಂದಿನ ತಿಂಗಳಿಂದ ಅವನು ಬರುವುದನ್ನೇ ಬಿಡುತ್ತಾನೆ. ಹೇಳುವವನು ಬಿಸಿಲಿಗೆ ಮುಖ ಮಾಡಿ ನಿಲ್ಲಬೇಕು, ಕೇಳುವವರು ಬಿಸಿಲಿಗೆ ಬೆನ್ನು ಮಾಡಬೇಕು. ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿದೆ ಎಂಬುದನ್ನು ಹಿಂದಿನ ದಿನವೇ ನೋಡಿಟ್ಟುಕೊಂಡಿರಬೇಕು. ಇದನ್ನು ವಿಚಾರಿಸದೆ ಹೊರಟ ಎಷ್ಟೋ ಪ್ರವಾಸಗಳಲ್ಲಿ ನಮ್ಮ ಹುಡುಗಿಯರು ಬೆಳಗಿನಿಂದ ನೀರು ಕುಡಿಯದೆ ಒಣಗಿದ ಬಾಯಿಯಲ್ಲಿ ಇತಿಹಾಸ ಕೇಳಿದ್ದಾರೆ.

ಕೋಟೆಯ ಸುತ್ತ ಕಂದಕ ಇದೆ. ಅದರ ಅಂಚಿನಲ್ಲಿ ನಿಂತು ಕೆಳಗೆ ನೋಡಿದರೆ ಮಕ್ಕಳಿಗೆ ಕೋಟೆ ಎಂಬ ಶಬ್ದದ ಅರ್ಥ ತಾನಾಗಿಯೇ ಆಗುತ್ತದೆ. ಸೌದತ್ತಿಯಿಂದ, ಅಂದಿನ ಸುಗಂಧವರ್ತಿಯಿಂದ, ಆಳುತ್ತಿದ್ದ ರಟ್ಟರು 13ನೆಯ ಶತಮಾನದ ಆರಂಭದ ಹೊತ್ತಿಗೆ ಬೆಳಗಾವಿಯನ್ನು ರಾಜಧಾನಿ ಮಾಡಿಕೊಂಡರು. ಊರಿನ ಹೆಸರು ಆಗ ವೇಣುಗ್ರಾಮ, ಬಿದಿರಿನ ಊರು. ಬಿದಿರು ಕಂಡು ಬೆಳೆದ ಗುಂಜಿಯ ಹುಡುಗರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಸೇಉಣರು, ವಿಜಯನಗರದವರು, ಬಹಮನಿಗಳ ಮಂತ್ರಿ ಮಹಮೂದ್ ಗವಾನ್, ಬಿಜಾಪುರದ ಆದಿಲಶಾಹಿಗಳು, ಮರಾಠರು ಒಬ್ಬರಾದ ಮೇಲೊಬ್ಬರು ಬಂದರು. 1818ರಲ್ಲಿ ಬ್ರಿಟಿಷ್ ಸೇನಾನಿ ಮನ್ರೋನ ಸೈನ್ಯ 21 ದಿನ ಮುತ್ತಿಗೆ ಹಾಕಿ ಕೋಟೆಯನ್ನು ಇಂಗ್ಲಿಷರಿಗೆ ಗೆದ್ದುಕೊಟ್ಟಿತು. ಈ ಪಟ್ಟಿಯನ್ನು ನಾನು ಎರಡು ನಿಮಿಷದಲ್ಲಿ ಮುಗಿಸುತ್ತೇನೆ. ಪಟ್ಟಿ ಪುಸ್ತಕದಲ್ಲೂ ಸಿಗುತ್ತದೆ. ಕೋಟೆಯೊಳಗಿನ ಕಮಲ ಬಸದಿಯಲ್ಲಿ ಮಾತ್ರ ಅರ್ಧ ತಾಸು ಕೂಡುತ್ತೇವೆ.

ಬಸದಿ ಕಟ್ಟಿಸಿದವನು ರಟ್ಟರ ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜ. ವರ್ಷ 1204. ಚಪ್ಪಲಿ ಹೊರಗೆ ಬಿಟ್ಟು, ಅದು ಪೂಜೆ ನಡೆಯುವ ಜಾಗ ಎಂದು ನೆನಪಿಸಿ, ಸದ್ದಿಲ್ಲದೆ ಒಳಗೆ ಹೋಗುತ್ತೇವೆ. ಒಳಗೆ ಕರಿಕಲ್ಲಿನ ನೇಮಿನಾಥ. ಆಮೇಲೆ ನಾನು ‘ಮ್ಯಾಲೆ ನೋಡ್ರಿ’ ಅನ್ನುತ್ತೇನೆ. ಮುಖಮಂಟಪದ ಮಾಳಿಗೆಯಲ್ಲಿ ಒಂದು ಕಲ್ಲಿನ ತಾವರೆ ತಲೆಕೆಳಗಾಗಿ ಅರಳಿದೆ. ದಳ ಎಪ್ಪತ್ತೆರಡು. ಹಿಂದಿನ ಇಪ್ಪತ್ನಾಲ್ಕು, ಈಗಿನ ಇಪ್ಪತ್ನಾಲ್ಕು, ಮುಂದೆ ಬರುವ ಇಪ್ಪತ್ನಾಲ್ಕು ತೀರ್ಥಂಕರರಿಗೆ ಒಂದೊಂದು. ಎಣಿಸಿರಿ ಎಂದು ಮಕ್ಕಳಿಗೆ ಹೇಳಿ ನಾನು ಸುಮ್ಮನಾಗುತ್ತೇನೆ. ಕುತ್ತಿಗೆ ಹೊರಳಿಸಿ ಎಣಿಸುತ್ತಾರೆ, ಲೆಕ್ಕ ತಪ್ಪುತ್ತದೆ, ಮತ್ತೆ ಶುರುಮಾಡುತ್ತಾರೆ. ಒಬ್ಬ ಅರವತ್ತೆಂಟು ಅಂದರೆ ಇನ್ನೊಬ್ಬ ಎಪ್ಪತ್ತು ಅನ್ನುತ್ತಾನೆ. ಆ ಹೊತ್ತಿನಲ್ಲಿ ಅವರು ಆ ಮಾಳಿಗೆಯನ್ನು ನೋಡುವಷ್ಟು ಆಸ್ಥೆಯಿಂದ ಯಾವ ಪಾಠದ ಪುಸ್ತಕವನ್ನೂ ನೋಡಿದ್ದನ್ನು ನಾನು ಕಂಡಿಲ್ಲ. ನೋಡಲಿಕ್ಕೆ ಹೊತ್ತು ಕೊಡುವುದು ನಡಿಗೆ ಮಾಡಿಸುವವನ ಅರ್ಧ ಕೆಲಸ. ನಾನು ಮಾತು ನಿಲ್ಲಿಸಲು ಕಲಿತಿದ್ದು ಆ ತಾವರೆಯ ಕೆಳಗೆ.

ಬೀಚಿರಾಜನ ಹೆಸರು, ಶಕವರ್ಷ, ಬಸದಿಗೆ ಕೊಟ್ಟ ದಾನ, ಇವೆಲ್ಲ ನಮಗೆ ಗೊತ್ತಾದದ್ದು ಹೇಗೆ? ಶಾಸನದಿಂದ. ಆ ಶಾಸನದ ಕಲ್ಲುಗಳು ಎಲ್ಲಿವೆ? ಇಲ್ಲಿಗೆ ಬಂದಾಗ ನನ್ನ ದನಿ ಪ್ರತಿಸಲವೂ ಇಳಿಯುತ್ತದೆ. ಕಾರ್ತವೀರ್ಯನ ಕಾಲದ ಆ ಎರಡು ಕಲ್ಲುಗಳು ಬೆಳಗಾವಿಯಲ್ಲಿಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಬಾರ್ನೆಟ್ ಎಂಬ ವಿದ್ವಾಂಸ ಅವನ್ನು ಓದಿ ಎಪಿಗ್ರಾಫಿಯಾ ಇಂಡಿಕಾದ 13ನೆಯ ಸಂಪುಟದಲ್ಲಿ ಅಚ್ಚುಹಾಕಿಸಿದ. ರಟ್ಟ ಜಿನಾಲಯಕ್ಕೆ, ಅದರ ಆಚಾರ್ಯ ಶುಭಚಂದ್ರ ಭಟ್ಟಾರಕನಿಗೆ ಕೊಟ್ಟ ದತ್ತಿಯ ವಿವರ ಅವುಗಳಲ್ಲಿದೆ. ವೇಣುಗ್ರಾಮದ ಪೇಟೆಯಲ್ಲಿ ಸೇರಿದ ವರ್ತಕರ ಮಾತೂ ಇದೆ. ಅವರಲ್ಲಿ ಲಾಳ ದೇಶದವರು, ಅಂದರೆ ಗುಜರಾತದ ಕಡೆಯವರು, ಮಲೆಯಾಳದವರು ಕೂಡ ಇದ್ದರು. ತಾವು ಮಾರುವ ಸರಕಿನಲ್ಲಿ ಒಂದೊಂದು ಪಾಲನ್ನು ಬಸದಿಗೆ ಒಪ್ಪಿಸಿದರು. ಎಂಟುನೂರು ವರ್ಷದ ಹಿಂದಿನ ಬೆಳಗಾವಿ ಪೇಟೆಯ ಗದ್ದಲ ಅದರಲ್ಲಿ ಕೇಳಿಸುತ್ತದೆ.

ನಾನು ಆ ಪಾಠದ ಒಂದು ಪುಟವನ್ನು ಝೆರಾಕ್ಸ್ ಮಾಡಿಸಿ ಚೀಲದಲ್ಲಿ ಇಟ್ಟುಕೊಂಡಿರುತ್ತೇನೆ. ಬಸದಿಯ ಮುಂದೆ ಅದನ್ನು ಕೈಯಿಂದ ಕೈಗೆ ದಾಟಿಸುತ್ತೇನೆ. ಕಲ್ಲು ಹೋಯಿತು, ಕಾಗದ ಬಂತು. ಒಬ್ಬ ಹುಡುಗ ಒಮ್ಮೆ, ‘ಅಲ್ಲಿ ಅದನ್ನ ಓದಾವ್ರು ಯಾರದಾರ್ರಿ ಸರ್?’ ಎಂದು ಕೇಳಿದ. ಹಳಗನ್ನಡ ಬಲ್ಲವರು ಇಲ್ಲಿಯೂ ಎಷ್ಟು ಜನ ಇದ್ದಾರೆ ಎಂದು ನಾನು ಅವನನ್ನೇ ಮರಳಿ ಕೇಳಬಹುದಿತ್ತು. ಕೇಳಲಿಲ್ಲ. ಅವನ ದುಃಖ ನ್ಯಾಯವಾದದ್ದು. ಊರಿನ ಹುಟ್ಟುಪತ್ರ ಸಮುದ್ರದ ಆಚೆಗಿದ್ದರೆ ಆ ಊರಿನ ಮಗುವಿಗೆ ನೋವಾಗಲೇಬೇಕು. ಆ ಕಲ್ಲುಗಳ ಅಚ್ಚನ್ನಾದರೂ ದೊಡ್ಡದಾಗಿ ಮಾಡಿಸಿ, ಹೊಸಗನ್ನಡದ ಅರ್ಥದೊಂದಿಗೆ, ಕೋಟೆ ಕೆರೆಯ ದಂಡೆಯಲ್ಲಿ ನಿಲ್ಲಿಸಬೇಕು ಎಂಬುದು ನನ್ನ ಬಹುದಿನದ ಆಸೆ. ಸಾವಿರಾರು ಜನ ಓಡಾಡುವ ಜಾಗ ಅದು. ಈ ಮಾತನ್ನು ಆಕಾಶವಾಣಿಯಲ್ಲಿ ಹೇಳಲು ಸಿಕ್ಕಿದ್ದಕ್ಕೆ ನನಗೆ ಸಂತೋಷವಿದೆ.

ಪಕ್ಕದಲ್ಲೇ ಚಿಕ್ಕ ಬಸದಿ. ಅದರ ಗೋಡೆಯ ಮೇಲೆ ಸಾಲಾಗಿ ಕುಣಿಯುವವರನ್ನು ಕೆತ್ತಿದ್ದಾರೆ. ಹುಡುಗಿಯರು ಆ ಭಂಗಿಗಳನ್ನು ಅನುಕರಿಸಿ ನಗುತ್ತಾರೆ. ನಾನು ತಡೆಯುವುದಿಲ್ಲ.

ಇನ್ನು ಸಫಾ ಮಸೀದಿ. ಕೋಟೆಯ ಒಂದಷ್ಟು ಭಾಗ ಸೈನ್ಯದ ಸುಪರ್ದಿಯಲ್ಲಿದೆ, ಎಲ್ಲ ಕಡೆ ಕಂಡಹಾಗೆ ನುಗ್ಗುವಂತಿಲ್ಲ, ಮೊದಲೇ ಕೇಳಿಕೊಂಡಿರಬೇಕು. ಆ ಮಸೀದಿಯ ಕಂಬಗಳಲ್ಲಿ ಎರಡರ ಮೇಲೆ ಶಾಸನಗಳಿವೆ. ಭಾಷೆ ಕನ್ನಡ, ಲಿಪಿ ನಾಗರಿ. ಒಂದು ರಟ್ಟರ ಕಾರ್ತವೀರ್ಯನ ಕಾಲದ್ದು, 1199ರದು. ಇನ್ನೊಂದು ಸೇಉಣರ ಕೃಷ್ಣನ ಕಾಲದ್ದು, 1261ರದು. ಮಸೀದಿ ಅವುಗಳಿಗಿಂತ ಎಷ್ಟೋ ಈಚಿನದು. ಹಳೆಯ ಕಟ್ಟಡದ ಕಂಬ ಹೊಸ ಕಟ್ಟಡಕ್ಕೆ ಹೋದದ್ದು ಇದರಿಂದ ಸ್ಪಷ್ಟ. ಇಲ್ಲಿ ನಡಿಗೆ ಮಾಡಿಸುವವನ ನಾಲಿಗೆ ಬಹಳ ಹದದಲ್ಲಿರಬೇಕು. ಬೆಳಗಾವಿ ಸೀಮೆ ನಮ್ಮದು. ಇಲ್ಲಿ ಒಂದು ಬೋರ್ಡಿನ ಭಾಷೆಗೂ ಜನರ ಮೈ ಬಿಸಿಯಾಗುತ್ತದೆ. ನನ್ನ ಹುಡುಗರಲ್ಲಿ ಮನೆಯಲ್ಲಿ ಮರಾಠಿ ಆಡುವವರಿದ್ದಾರೆ, ಕೊಂಕಣಿ ಆಡುವವರಿದ್ದಾರೆ, ಉರ್ದು ಆಡುವವರಿದ್ದಾರೆ, ಕನ್ನಡದವರಿದ್ದಾರೆ. ಕಲ್ಲು ಏನು ಹೇಳುತ್ತದೋ ಅಷ್ಟನ್ನು ಹೇಳುತ್ತೇನೆ: ಇಂಥ ವರ್ಷ, ಇಂಥ ರಾಜ, ಕನ್ನಡ ಮಾತು, ನಾಗರಿ ಅಕ್ಷರ. ಮರಾಠಿ ಶಾಲೆಯ ಮಗು ಅಕ್ಷರ ಗುರುತಿಸಬೇಕು, ಕನ್ನಡ ಶಾಲೆಯ ಮಗು ಮಾತು ಗುರುತಿಸಬೇಕು. ಒಬ್ಬರಿಗೊಬ್ಬರು ನೆರವಾಗದೆ ಆ ಕಂಬ ಅವರಿಗೆ ದಕ್ಕುವುದಿಲ್ಲ. ಇದನ್ನು ನಾನು ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ಶಾಸನದ ಕಲ್ಲು ನೋಡಲು ಹೊತ್ತೂ ಮುಖ್ಯ. ನಡುಮಧ್ಯಾಹ್ನ ನೆತ್ತಿಯ ಬಿಸಿಲಿನಲ್ಲಿ ಬಯಲಿನ ಕಲ್ಲು ಸಪಾಟಾಗಿ ಕಾಣುತ್ತದೆ. ಬೆಳಿಗ್ಗೆ, ಸಂಜೆ ಬೆಳಕು ಓರೆಯಾಗಿ ಬಿದ್ದಾಗ ಅಕ್ಷರದ ತಗ್ಗುಗಳಲ್ಲಿ ನೆರಳು ನಿಂತು ಸಾಲುಗಳು ಎದ್ದು ಬರುತ್ತವೆ. ಒಳಗಿನ ಕಲ್ಲಿಗೆ ಬ್ಯಾಟರಿಯನ್ನು ಬದಿಯಿಂದ ಹಿಡಿದರೂ ಸಾಕು. ಸೀಮೆಸುಣ್ಣ, ಅರಿಸಿನ, ಹಿಟ್ಟು ಏನನ್ನೂ ಬಳಿಯಬಾರದು. ಓದುವ ಆತುರಕ್ಕೆ ಬಳಿದ ಬಿಳುಪಿನಲ್ಲಿ ಬರಿಯ ಗೀರುಗಳೂ ಅಕ್ಷರದಂತೆ ಕಂಡು ಓದು ತಪ್ಪುತ್ತದೆ, ಕಲ್ಲೂ ಕೆಡುತ್ತದೆ.

ನಮ್ಮ ನಡಿಗೆಯ ಕಡೆಯ ನಿಲ್ದಾಣ ಕೋಟೆಯೊಳಗಿನ ರಾಮಕೃಷ್ಣ ಆಶ್ರಮ. ಹುಡುಗರಿಗೆ ಅಷ್ಟು ಹೊತ್ತಿಗೆ ದಣಿವಾಗಿರುತ್ತದೆ. ಆಶ್ರಮದ ತಂಪಿನಲ್ಲಿ ಕೂತು ನಾನು 1892ರ ಅಕ್ಟೋಬರ್ ತಿಂಗಳಿನ ಕತೆ ತೆಗೆಯುತ್ತೇನೆ. ಸ್ವಾಮಿ ವಿವೇಕಾನಂದರು ಆಗ ಇನ್ನೂ ಶಿಕಾಗೋಕ್ಕೆ ಹೋಗಿರಲಿಲ್ಲ. ಹೆಸರಿಲ್ಲದ ಸಂನ್ಯಾಸಿಯಂತೆ ತಿರುಗುತ್ತ ಬೆಳಗಾವಿಗೆ ಬಂದರು. ಮೊದಲು ವಕೀಲ ಭಾಟೆಯವರ ಮನೆಯಲ್ಲಿ ಮೂರು ದಿನ, ಆಮೇಲೆ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಯಲ್ಲಿ ಒಂಬತ್ತು ದಿನ ಇದ್ದರು. ಮಿತ್ರರು ಆ ದಿನಗಳ ನೆನಪು ಬರೆದಿಟ್ಟಿದ್ದಾರೆ. ಸ್ವಾಮೀಜಿ ಡಿಕನ್ಸನ ಪಿಕ್‌ವಿಕ್ ಪೇಪರ್ಸ್ ಕಾದಂಬರಿಯಿಂದ ಪುಟಗಟ್ಟಲೆ ಬಾಯಿಪಾಠ ಹೇಳಿದರಂತೆ. ಎಷ್ಟು ಸಲ ಓದಿದ್ದೀರಿ ಎಂದು ಕೇಳಿದರೆ ಎರಡೇ ಸಲ ಎಂದರಂತೆ. ಪರೀಕ್ಷೆಯ ಹತ್ತಿರ ಹತ್ತಿರ ಇರುವ ಮಕ್ಕಳು ಇದನ್ನು ಬಾಯಿ ತೆರೆದು ಕೇಳುತ್ತಾರೆ.

ಅವರಿಗೆ ಇದಕ್ಕಿಂತ ಹೆಚ್ಚು ತಟ್ಟುವ ಮಾತು ಬೇರೆ ಇದೆ. ಬೆಳಗಾವಿಯಿಂದ ಸ್ವಾಮೀಜಿ ಗೋವಾಕ್ಕೆ ಹೋದರು, ರೈಲು ಹತ್ತಿ ಹೋದರು. ಬೆಳಗಾವಿಯಿಂದ ಗೋವಾಕ್ಕೆ ರೈಲು ಹೋಗುವುದು ಖಾನಾಪುರ, ಗುಂಜಿ, ಲೋಂಡಾ ದಾರಿಯಲ್ಲಿಯೇ. ನಮ್ಮ ಸ್ಟೇಶನ್ನಿನ ಮುಂದೆ! ಮೊದಲ ಸಲ ಇದನ್ನು ಹೇಳಿದಾಗ ಗುಂಜಿಯ ಹುಡುಗರ ಮುಖ ನೋಡಬೇಕಿತ್ತು. ಅವತ್ತು ಸಂಜೆ ಮರಳುವ ರೈಲಿನಲ್ಲಿ ಖಾನಾಪುರ ದಾಟಿದ ಮೇಲೆ ಎಲ್ಲರೂ ಕಿಟಕಿಗೆ ಅಂಟಿಕೊಂಡರು. ದಿನಾಲೂ ನೋಡುವ ಅದೇ ಕಾಡು, ಅದೇ ತಿರುವು. ಒಬ್ಬಳು ಇನ್ನೊಬ್ಬಳಿಗೆ ಹೇಳುತ್ತಿದ್ದಳು, ‘ಇದನ್ನೂ ನೋಡಿರಬೇಕಲ್ಲs ಅವ್ರು’ ಎಂದು. ಅದಕ್ಕೆ ಕಲ್ಲಿನ ಸಾಕ್ಷಿ ಇಲ್ಲ. ಹೊರಗೆ ನೋಡಿದರೋ, ಕಣ್ಣು ಮುಚ್ಚಿ ಕೂತಿದ್ದರೋ. ಆದರೆ ಹಳಿ ಇದೆ, ಪ್ರಯಾಣ ನಡೆದದ್ದು ಇದೆ. ಉಳಿದದ್ದನ್ನು ಊಹಿಸುವ ಹಕ್ಕು ಆ ಮಗುವಿಗೆ ಇದೆ.

ಆ ಸಂಜೆಯಿಂದ ನಡಿಗೆ ನಮ್ಮ ಕಡೆಗೆ ತಿರುಗಿತು. ಬೆಳಗಾವಿಗೆ ಹೋಗಿ ನೋಡುತ್ತೇವೆ, ನಮ್ಮಲ್ಲಿ ನೋಡುವಂಥದು ಏನೂ ಇಲ್ಲವೇನ್ರಿ ಸರ್ ಎಂದು ಹುಡುಗರೇ ಕೇಳಲಾರಂಭಿಸಿದರು. ಇಲ್ಲದೆ ಏನು! ತಾಲೂಕಿನಲ್ಲೇ ಹಲಸಿ ಇದೆ. ಕದಂಬರ ಪಲಾಶಿಕಾ ಅದು. ಅಲ್ಲಿ ಸಿಕ್ಕ ತಾಮ್ರಪಟಗಳಲ್ಲಿ ಕಾಕುಸ್ಥವರ್ಮನದೊಂದಿದೆ. ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಹೊಲ ಕೊಟ್ಟದ್ದನ್ನು ಅದು ಹೇಳುತ್ತದೆ. ಸುಮಾರು ಒಂದೂವರೆ ಸಾವಿರ ವರ್ಷದ ಹಿಂದೆ ಒಬ್ಬ ರಾಜ ಉಪಕಾರ ನೆನೆದ ಕಾಗದ ಅದು. ನಂದಗಡದಲ್ಲಿ 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೆ ಹಾಕಿದ ಜಾಗವಿದೆ, ಆಲದಮರವಿದೆ, ಸಮಾಧಿಯಿದೆ. ರಾಯಣ್ಣನ ಸಂಗೊಳ್ಳಿ ನಮ್ಮ ಮಲಪ್ರಭೆಯ ದಂಡೆಯ ಊರು.

ಹೀಗೆ ನಾವು ಹೊಳೆಗೆ ಬಂದೆವು. ಮಲಪ್ರಭೆ ನಮ್ಮ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತಾಳೆ. ಹಬ್ಬನಹಟ್ಟಿಯ ಮಾರುತಿಯ ಮುಂದೆ, ಅಸೋಗದ ರಾಮಲಿಂಗೇಶ್ವರನ ಬದಿಗೆ ಹರಿದು ಖಾನಾಪುರ ಪೇಟೆಗೆ ಬರುತ್ತಾಳೆ. ಮುಂದೆ ನವಿಲುತೀರ್ಥದ ಅಣೆಕಟ್ಟು, ಪಟ್ಟದಕಲ್ಲು, ಐಹೊಳೆ, ಕಡೆಗೆ ಕೂಡಲಸಂಗಮ. ಒಟ್ಟು 304 ಕಿಲೋಮೀಟರ್. ಖಾನಾಪುರದ ಘಾಟಿನ ಮೆಟ್ಟಿಲ ಮೇಲೆ ನಿಂತು ಒಂದು ಎಲೆ ಬಿಟ್ಟರೆ, ದಾರಿಯಲ್ಲಿ ಅಣೆಕಟ್ಟು ಇಲ್ಲದಿದ್ದರೆ, ಅದು ಚಾಲುಕ್ಯರ ಪಟ್ಟದಕಲ್ಲಿನ ಗುಡಿಗಳ ಬದಿಗೆ ಹಾದುಹೋಗುತ್ತಿತ್ತು. 1987ರಿಂದ ಜಗತ್ತಿನ ಪರಂಪರೆಯ ಪಟ್ಟಿಯಲ್ಲಿರುವ ಗುಡಿಗಳು ಅವು. ಇದನ್ನು ಕೇಳಿದ ಮೇಲೆ ಹುಡುಗರು ಆ ನೀರಿನಲ್ಲಿ ಕಸ ಎಸೆಯಲಿಕ್ಕೆ ಹಿಂಜರಿಯುತ್ತಾರೆ. ನಾನು ಬುದ್ಧಿ ಹೇಳಿ ಇಷ್ಟು ಸಾಧಿಸಿರಲಿಲ್ಲ.

ಘಾಟಿನಲ್ಲಿ ನಡಿಗೆ ಮಾಡಿಸುವವನು ನಾನಲ್ಲ. ಎಂಟೊಂಬತ್ತನೆಯ ಇಯತ್ತೆಯ ಮಕ್ಕಳೇ ಮಾಡಿಸುತ್ತಾರೆ, ನಾನು ಹಿಂದೆ ಉಳಿಯುವ ಹುಡುಗನ ಸಂಗಡ ಹಿಂದೆ ಬರುತ್ತೇನೆ. ಅವರು ರೈಲಿನ ಸೇತುವೆ ತೋರಿಸುತ್ತಾರೆ. ಖಾನಾಪುರದ ಮಣ್ಣಿನ ಬಗ್ಗೆ ಹೇಳುತ್ತಾರೆ. ಹೆಂಚಿಗೆ, ಗಡಿಗೆ ಮಡಕೆಗೆ ಹೆಸರಾದ ಮಣ್ಣು ಅದು. ಅದರಿಂದಲೇ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇಲ್ಲಿಗೆ ಬಂತು. ಒಬ್ಬ ಕುಂಬಾರರ ಹುಡುಗ ಹೊಳೆಯಂಚಿನ ಮಣ್ಣನ್ನು ಬೆರಳಿನಲ್ಲಿ ಉಜ್ಜಿ, ಇದು ಬರುತ್ತದೆ, ಇದು ಬರುವುದಿಲ್ಲ, ಇದರಲ್ಲಿ ಮರಳು ಹೆಚ್ಚು, ಭಟ್ಟಿಯಲ್ಲಿ ಸೀಳುತ್ತದೆ ಎಂದು ವಿವರಿಸಿದ. ತರಗತಿಯಲ್ಲಿ ಕಡೆಯ ಬೆಂಚಿನಲ್ಲಿ ತಲೆತಗ್ಗಿಸಿ ಕೂಡುತ್ತಿದ್ದ ಹುಡುಗ ಅವನು. ಅವತ್ತು ನಮ್ಮ ಸಂಗಡ ಬಂದ ಬ್ಯಾಂಕಿನ ಸಾಹೇಬರು ಅವನನ್ನು ಬಹುವಚನದಲ್ಲಿ ಮಾತಾಡಿಸಿದರು.

ಹೋದ ಸಲ ಇನ್ನೊಂದು ನಡೆಯಿತು. ನಡಿಗೆಯ ಮುಂದಾಳಾಗಿದ್ದ ಹುಡುಗಿ ಘಾಟಿನಲ್ಲಿ ನಿಂತು, 2019ರ ಆಗಸ್ಟ್‌ನಲ್ಲಿ ಮಹಾಪೂರ ಬಂದಿತ್ತು, ನೀರು ಈ ಮೆಟ್ಟಿಲ ತನಕ ಬಂದಿತ್ತು ಎಂದು ಕೈ ತೋರಿಸಿ ಹೇಳುತ್ತಿದ್ದಳು. ಕಟ್ಟೆಯ ಮೇಲೆ ಅರಿವೆ ಒಗೆದು ಹಿಂಡುತ್ತಿದ್ದ ಒಬ್ಬ ಆಯಿ ತಲೆಯೆತ್ತಿ ನೋಡಿದಳು. ‘ಏ ತಂಗಿ, ಅಲ್ಲಿ ತನಕಾ ಅಲ್ಲs, ಇನ್ನೂ ಮ್ಯಾಲೆ ಬಾ’ ಎಂದಳು. ಹುಡುಗಿ ಎರಡು ಮೆಟ್ಟಿಲು ಹತ್ತಿದಳು. ‘ಇನ್ನೂ ಮ್ಯಾಲೆ.’ ಹುಡುಗಿ ಹತ್ತುತ್ತ ಹೋದಳು, ನಾವೆಲ್ಲ ಅವಳ ಹಿಂದೆ ಹತ್ತಿದೆವು. ಮೆಟ್ಟಿಲು ಮುಗಿದು, ದಾರಿ ಬಂದು, ಒಂದು ಮನೆಯ ಗೋಡೆಯ ಹತ್ತಿರ ಆಯಿ ‘ಹಾಂ, ಅಲ್ಲಿ’ ಎಂದಳು. ಗೋಡೆಯ ಮೇಲೆ, ನಮ್ಮ ಎದೆಯ ಮಟ್ಟಕ್ಕೆ, ಸುಣ್ಣದ ಬಣ್ಣದಲ್ಲಿ ಒಂದು ಮಾಸಲು ಗೆರೆ ಅಡ್ಡಲಾಗಿ ಓಡಿತ್ತು. ಹುಡುಗಿ ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಚೀಲದಿಂದ ನೋಟುಬುಕ್ಕು ತೆಗೆದು, ತಾರೀಖು ಹಾಕಿ, ಎತ್ತರವನ್ನು ಗೇಣಿನಲ್ಲಿ ಅಳೆದು ಬರೆದುಕೊಂಡಳು. ಆಮೇಲೆ ಕೆಳಗೆ ಓಡಿಹೋಗಿ, ‘ಆಯಿ, ನಿಮ್ಮ ಹೆಸರ ಏನ್ರಿ? ಹೇಳಿದಾವ್ರ ಹೆಸರ ಬರೀಬೇಕಂತ ಹೇಳ್ಯಾರ ನಮ್ಮ ಸರ್’ ಎಂದು ಕೇಳಿದಳು.